ಕೋವಿಗೆ ಬೆಲೆ ಕಟ್ಟುವುದು: ಶ್ರೀರಂಗಪಟ್ಟಣದ ಒಂದು ಪಾಠ

ಒಡವೆಯ ಬೆಲೆ ತಿಳಿಯಬೇಕಾದರೆ ಅಕ್ಕಸಾಲೆಯ ಬಳಿಗೆ ಹೋಗುತ್ತೇವೆ. ಎತ್ತಿನ ಬೆಲೆ ತಿಳಿಯಬೇಕಾದರೆ ಕೃಷ್ಣರಾಜಪೇಟೆಯ ಸೀಮೆಯ ರೈತರು ಹೇಮಗಿರಿಯ ದನಗಳ ಜಾತ್ರೆಗೆ ಹೋಗುವರು. ಅಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಯ ಮಾತನ್ನು ಉಭಯ ಪಕ್ಷದವರೂ ಒಪ್ಪುವುದುಂಟು. ಒಡೆದ ಕಂಚಿನ ಪಾತ್ರೆಯನ್ನು ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದ ಕುಶಲಕರ್ಮಿಯ ಮುಂದಿಟ್ಟರೆ, ಆತನು ತಕ್ಕಡಿಗೆ ಹಾಕಿ ತೂಗಿ, ಇಷ್ಟು ಎಂದು ಹೇಳಿಬಿಡಬಲ್ಲನು. ಆದರೆ ಹಳೆಯ ಮನೆಯ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕೋವಿಯಿದ್ದರೆ ಅದಕ್ಕೆ ಬೆಲೆ ಕಟ್ಟುವವರು ಯಾರು? ಅದನ್ನು ತೂಗಿ ಹೇಳಬಹುದೆ? ಸಂತೆಯಲ್ಲಿ ಕೇಳಬಹುದೆ?

ಶ್ರೋತೃಗಳೇ, ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮನೆಯ ಹಿರಿಯರು ತೀರಿಕೊಂಡಾಗ, ಅಣ್ಣತಮ್ಮಂದಿರು ಪಾಲಾಗುವಾಗ, ತೆರಿಗೆಯ ಲೆಕ್ಕವನ್ನು ಒಪ್ಪಿಸುವಾಗ, ಅಟ್ಟದ ಕೋವಿ ಕೆಳಗೆ ಇಳಿದು ಬರುತ್ತದೆ. ಕಾನೂನು ಅದರ ಹೆಸರನ್ನೂ ಬೆಲೆಯನ್ನೂ ಕೇಳುತ್ತದೆ. ಆಗ ಸರಿಯಾದ ಉತ್ತರ ಕೊಡಲಾರದವನು ಒಂದೋ ಅಮೂಲ್ಯವಾದುದನ್ನು ಗುಜರಿಯ ಬೆಲೆಗೆ ಕಳೆದುಕೊಳ್ಳುತ್ತಾನೆ, ಇಲ್ಲವೆ ಅರಿಯದೆ ಅಪರಾಧಿಯಾಗುತ್ತಾನೆ. ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲ ಊರು ದೂರದಲ್ಲಿಲ್ಲ. ಒಂದು ರಾಜ್ಯದ ಸಮಸ್ತ ಆಯುಧಗಳನ್ನೂ ಎಣಿಸಿ, ಲೆಕ್ಕ ಬರೆದು, ಹಂಚಿಕೊಂಡ ಪ್ರಸಂಗ 1799ನೆಯ ಇಸವಿಯಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿಯೇ ನಡೆಯಿತು. ಅಲ್ಲಿ ಬೆಲೆ ಕಟ್ಟಿದವರು ಯಾರು, ಯಾವ ಉದ್ದೇಶದಿಂದ ಕಟ್ಟಿದರು, ಅವರ ಕೈಯಿಂದ ಜಾರಿಹೋದದ್ದು ಯಾವುದು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮೊದಲು ಆ ಆಯುಧಗಳ ಹುಟ್ಟನ್ನು ನೋಡಬೇಕು. ಹೈದರಾಲಿಯ ಮತ್ತು ಟೀಪುವಿನ ಕಾಲದಲ್ಲಿ ಕಾವೇರಿಯ ಈ ದ್ವೀಪವು ರಾಜಧಾನಿಯಾಗಿದ್ದಂತೆಯೇ ಶಸ್ತ್ರಗಳ ತವರೂ ಆಗಿತ್ತು. ತೋಪುಗಳನ್ನು ಎರಕ ಹೊಯ್ಯುವ ಮನೆಗಳು, ಅವುಗಳ ನಳಿಗೆಯನ್ನು ಕೊರೆಯುವ ಯಂತ್ರಗಳು, ಕೋವಿಗಳನ್ನು ಮಾಡಿ ಒಪ್ಪವಿಡುವ ಕಾರ್ಖಾನೆಗಳು, ಮದ್ದಿನ ಮನೆಗಳು, ಇವೆಲ್ಲವೂ ಕೋಟೆಯ ಒಳಗೂ ಹೊರಗೂ ಇದ್ದುವು. ಹತ್ತಿರದ ಹಿರೋಡೆಯಲ್ಲಿ ಹೈದರನ ಮತ್ತು ಟೀಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದುದರಿಂದ ಆ ಊರಿಗೆ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತು. ಅದೇ ಇಂದಿನ ಪಾಂಡವಪುರ. ಫ್ರಾನ್ಸಿನ ದೊರೆಯಾದ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ 1788ರಲ್ಲಿ ಹೋದ ಟೀಪುವಿನ ರಾಯಭಾರಿಗಳು ಸೈನ್ಯದ ಸಹಾಯವನ್ನು ಮಾತ್ರವಲ್ಲದೆ ಕುಶಲಕರ್ಮಿಗಳನ್ನೂ ಬೇಡಿದ್ದರು. ಹೀಗೆ ಯೂರೋಪಿನ ಚಕಮಕಿ ಕೋವಿಯ ವಿದ್ಯೆಯು ಇಲ್ಲಿಯ ಕಮ್ಮಾರನ ಕೈಗೆ ಬಂದು, ನಮ್ಮದೇ ಆದ ಒಂದು ರೂಪವನ್ನು ತಳೆಯಿತು.

ಆ ರೂಪವನ್ನು ಗುರುತಿಸುವುದು ಹೇಗೆ? ಟೀಪುವಿನ ಸ್ವಂತ ಶಸ್ತ್ರಾಗಾರದ ಕೋವಿಗಳಲ್ಲಿ ಹುಲಿಯೇ ಪ್ರಧಾನ. ಬಬ್ರಿ ಎಂದು ಹೆಸರಾದ ಹುಲಿಪಟ್ಟೆಯ ಚಿತ್ತಾರ ನಳಿಗೆಯ ಮೇಲೂ ಬೀಗದ ಮೇಲೂ ಬೆಳ್ಳಿ ಬಂಗಾರದ ಕೆಲಸದಲ್ಲಿ ಕಾಣುವುದು. ಅಕ್ಷರಗಳನ್ನೇ ಹೆಣೆದು ಹುಲಿಯ ಮುಖದಂತೆ ಬರೆದ ಮುದ್ರೆಗಳುಂಟು. ಪಟ್ಟಣದಲ್ಲಿ ಮಾಡಿದುದೆಂಬ ಬರಹವೂ ಕೆಲವುದರಲ್ಲಿ ಕುಶಲಕರ್ಮಿಯ ಹೆಸರೂ ಉಂಟು. ವರ್ಷದ ಗಣನೆಯಂತೂ ಇನ್ನೂ ವಿಚಿತ್ರವಾದುದು. ಸುಮಾರು 1787ರಿಂದ ಟೀಪು ಹಿಜರಿ ಶಕೆಯನ್ನು ಬಿಟ್ಟು, ಮೌಲೂದಿ ಎಂಬ ಹೊಸ ಶಕೆಯನ್ನು ಆಚರಣೆಗೆ ತಂದನು. ಈ ಶಕೆಯ ಅಂಕಿಗಳನ್ನು ಅವನ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಓದಬೇಕು. ಇದನ್ನು ತಿಳಿಯದವನು ಅಂಕಿಗಳನ್ನು ತಲೆಕೆಳಗಾಗಿ ಓದುತ್ತಾನೆ. ಅಥವಾ ಹಿಜರಿ ಎಂದು ಭ್ರಮಿಸಿ ವಸ್ತುವಿನ ವಯಸ್ಸನ್ನೇ ತಪ್ಪಿಸುತ್ತಾನೆ. ಬೆಲೆ ಕಟ್ಟುವುದಕ್ಕೆ ಮುಂಚೆ ಓದುವುದನ್ನು ಕಲಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆಯುಧದ ಬೆಲೆಯು ಕಾಲಕ್ಕೂ ಸ್ಥಳಕ್ಕೂ ತಕ್ಕಂತೆ ಹೇಗೆ ಬದಲಾಗುವುದು ಎಂಬುದನ್ನು ತೋರಿಸುವ ಮತ್ತೊಂದು ಪ್ರಸಂಗವು ಇದೇ ಸೀಮೆಯಲ್ಲಿ ಎಂಟು ವರ್ಷ ಮೊದಲು ನಡೆದಿತ್ತು. 1791ನೆಯ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದನು. ಅರಕೆರೆಯ ಬಳಿ ಯುದ್ಧವಾಯಿತು. ಆದರೆ ಮಳೆ ಹಿಡಿಯಿತು, ದನಗಳು ಸಾವಿರಾರು ಸತ್ತವು, ದವಸ ಮುಗಿಯಿತು. ಕೋಟೆಯನ್ನು ಒಡೆಯಲೆಂದು ಅಷ್ಟು ದೂರದಿಂದ ಎಳೆತಂದಿದ್ದ ಭಾರಿ ತೋಪುಗಳನ್ನು ಹಿಂದಕ್ಕೆ ಎಳೆದೊಯ್ಯಲು ಎತ್ತುಗಳೇ ಇಲ್ಲದೆ, ಆತನು ಅವುಗಳನ್ನು ಕನ್ನಂಬಾಡಿಯಲ್ಲಿ ತನ್ನ ಕೈಯಿಂದಲೇ ಒಡೆಸಿಹಾಕಿದನು. ಇಂದು ಆ ಹಳೆಯ ಕನ್ನಂಬಾಡಿಯು ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದೆ. ವಿಧಿಯ ವಿಲಾಸವನ್ನು ನೋಡಿ: ಇಂಗ್ಲಿಷ್ ಸೇನೆಯು ಬರಿಗೈಯಲ್ಲಿ ಮೇಲುಕೋಟೆಯ ಕಡೆಗೆ ಹಿಮ್ಮೆಟ್ಟುತ್ತಿರುವಾಗ, ಎತ್ತುಗಳನ್ನೂ ದವಸವನ್ನೂ ಧಾರಾಳವಾಗಿ ಹೊಂದಿದ್ದ ಮರಾಠರ ದಂಡು ಬಂದು ಕೂಡಿತು. ಕೆಲವೇ ದಿನ ಮೊದಲು ಬಂದಿದ್ದರೆ ಆ ತೋಪುಗಳು ಉಳಿಯುತ್ತಿದ್ದುವು. ಉಪಯೋಗವೊಂದನ್ನೇ ನೋಡಿ ಕಟ್ಟಿದ ಬೆಲೆಯು ಒಂದು ಜೊತೆ ಎತ್ತಿನ ಸಾವಿನಿಂದ ಶೂನ್ಯಕ್ಕೆ ಇಳಿಯಬಹುದು.

ಇನ್ನು 1799ರ ಸಂಗತಿ. ಮೇ 4ರ ಮಧ್ಯಾಹ್ನ ಕೋಟೆಯ ಗೋಡೆ ಬಿರಿದ ಕಡೆಯಿಂದ ಜನರಲ್ ಬೇರ್ಡನ ಮುಂದಾಳುತನದಲ್ಲಿ ಇಂಗ್ಲಿಷ್ ಸೈನ್ಯವು ನುಗ್ಗಿತು. ಸಂಜೆಯ ಹೊತ್ತಿಗೆ ಟೀಪು ಹತನಾಗಿದ್ದನು. ಆ ರಾತ್ರಿಯೆಲ್ಲ ಊರು ಲೂಟಿಯಾಯಿತು. ಪಟ್ಟಣದ ಅಧಿಕಾರವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು, ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಪ್ರಸಿದ್ಧನಾದವನು, ನಾಲ್ವರು ಲೂಟಿಗಾರರನ್ನು ನೇಣುಹಾಕಿಸಿ ಹಲವರಿಗೆ ಛಡಿ ಏಟು ಕೊಡಿಸಿದ ಮೇಲೆ ಶಾಂತಿಯಾಯಿತು. ಶಾಂತಿಯಾದ ಮೇಲೆ ಲೆಕ್ಕ ಪ್ರಾರಂಭವಾಯಿತು.

ಆ ಕಾಲದ ಯುದ್ಧ ಪದ್ಧತಿಯಲ್ಲಿ ಗೆದ್ದ ಸೊತ್ತನ್ನು ಸೈನ್ಯವು ದರ್ಜೆಗೆ ತಕ್ಕಂತೆ ಹಂಚಿಕೊಳ್ಳುವ ನಿಯಮವಿತ್ತು. ಇದಕ್ಕಾಗಿ ಅಧಿಕಾರಿಗಳ ಒಂದು ಸಮಿತಿಯೂ ಅದರ ಕೈಕೆಳಗೆ ಪ್ರೈಜ್ ಏಜೆಂಟರೆಂಬ ಪ್ರತಿನಿಧಿಗಳೂ ನೇಮಕವಾಗಿದ್ದರು. ಅವರಲ್ಲಿ ಒಬ್ಬನು ಡೇವಿಡ್ ಪ್ರೈಸ್. 1791ರಲ್ಲಿ ಧಾರವಾಡದ ಮುತ್ತಿಗೆಯಲ್ಲಿ ಒಂದು ಕಾಲನ್ನು ಕಳೆದುಕೊಂಡಿದ್ದವನು, ಪಾರಸಿಯನ್ನು ಚೆನ್ನಾಗಿ ಬಲ್ಲವನು. ಇಂಥ ವಿದ್ವಾಂಸನಿದ್ದರೂ ಆ ಸಮಿತಿಗೆ ಒಪ್ಪಿಸಿದ್ದ ಕೆಲಸ ಒಂದೇ: ಎಲ್ಲವನ್ನೂ ಹಂಚಬಹುದಾದ ಹಣದ ಲೆಕ್ಕಕ್ಕೆ ತರುವುದು. ನಾಣ್ಯ, ರತ್ನ, ಬೆಳ್ಳಿ, ಬಂಗಾರ ಕೂಡಿ ಒಟ್ಟು 11 ಲಕ್ಷ 43 ಸಾವಿರ ಪೌಂಡಿಗೆ ಮೇಲ್ಪಟ್ಟಿತು. ಅದರ ಎಂಟನೆಯ ಒಂದು ಪಾಲು, ಎಂದರೆ 1,42,902 ಪೌಂಡು, ಸೇನಾಪತಿ ಹ್ಯಾರಿಸನಿಗೆ ಸಂದಿತು. ಸಾಮಾನ್ಯ ಇಂಗ್ಲಿಷ್ ಸಿಪಾಯಿಗೆ ಬಂದುದು ಸುಮಾರು 7 ಪೌಂಡು. ನಮ್ಮ ದೇಶದ ಸಿಪಾಯಿಗೆ ಸುಮಾರು 5 ಪೌಂಡು.

ಹಂಚಿಕೆಯ ಅವಸರದಲ್ಲಿ ಏನಾಯಿತೆಂಬುದಕ್ಕೆ ಟೀಪುವಿನ ಸಿಂಹಾಸನವೇ ಸಾಕ್ಷಿ. ಬಂಗಾರದ ತಗಡು ಹೊದಿಸಿದ, ಹುಲಿಯ ಮೇಲೆ ನಿಂತಂತೆ ರಚಿಸಿದ, ಮೇಲೆ ಹುಮಾ ಪಕ್ಷಿಯುಳ್ಳ ಆ ಪೀಠವನ್ನು ಇಡಿಯಾಗಿ ತನ್ನ ದೊರೆಗೆ ಕಳುಹಿಸಬೇಕೆಂದು ಗವರ್ನರ್ ಜನರಲ್ ಮಾರ್ನಿಂಗ್ಟನ್ನನು ಬಯಸಿದ್ದನು. ಅಷ್ಟರಲ್ಲಿ ಅದನ್ನು ತುಂಡುಮಾಡಿಯಾಗಿತ್ತು. ಹುಮಾ ಪಕ್ಷಿಯೂ ದೊಡ್ಡ ಹುಲಿಯ ತಲೆಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದುವು. ಅಂಚಿನಲ್ಲಿದ್ದ ಚಿಕ್ಕ ಹುಲಿಯ ತಲೆಗಳು ಒಂದೊಂದು ದಿಕ್ಕಿಗೆ ಹೋದುವು. ಅವುಗಳಲ್ಲೊಂದು 2009ರಲ್ಲಿ ಲಂಡನಿನ ಹರಾಜಿನಲ್ಲಿ 3 ಲಕ್ಷ 89 ಸಾವಿರ ಪೌಂಡಿಗೆ ಮಾರಾಟವಾಯಿತು. ಒಬ್ಬ ಸೇನಾ ವೈದ್ಯನು ಸಿಪಾಯಿಯೊಬ್ಬನಿಂದ ಅಲ್ಪ ಹಣಕ್ಕೆ ಕೊಂಡ ರತ್ನದ ಕಡಗಗಳಿಗೆ ಆಮೇಲೆ ಚಿನಿವಾರನೊಬ್ಬನು ಸಾವಿರಾರು ಪೌಂಡು ಬೆಲೆ ಹೇಳಿದನೆಂಬ ಕಥೆಯೂ ಆ ದಿನಗಳಿಂದ ಪ್ರಸಿದ್ಧವಾಗಿದೆ. ಮಾರಿದ ಸಿಪಾಯಿಗೆ ಕಡಗ ಸಿಕ್ಕಿತ್ತು. ಅದು ಏನೆಂಬ ತಿಳಿವಳಿಕೆ ಸಿಕ್ಕಿರಲಿಲ್ಲ.

ಇನ್ನು ಆಯುಧಗಳ ಪಟ್ಟಿಗೆ ಬರೋಣ. ಕೋಟೆಯಲ್ಲಿ ಸಿಕ್ಕಿದ ತೋಪುಗಳು 929. ಸಣ್ಣ ಕೋವಿಗಳು ಸುಮಾರು 99 ಸಾವಿರ. ಇವಲ್ಲದೆ ಲಕ್ಷಗಟ್ಟಲೆ ಗುಂಡುಗಳು, ರಾಶಿ ರಾಶಿ ಮದ್ದು. ಈ ಪಟ್ಟಿಯು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಹಿತ್ತಾಳೆಯ ತೋಪೆಷ್ಟು, ಕಬ್ಬಿಣದ ತೋಪೆಷ್ಟು ಎಂದು ಲೋಹದ ವಿಂಗಡಣೆಯನ್ನೂ ಮಾಡುತ್ತದೆ. ಯಾವುದು, ಯಾರು ಮಾಡಿದುದು, ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂಬ ಪ್ರಶ್ನೆಯನ್ನು ಅದು ಕೇಳಲಿಲ್ಲ. ಏಕೆಂದರೆ ಹಂಚಿಕೊಳ್ಳುವವನಿಗೆ ಆ ಪ್ರಶ್ನೆಯಿಂದ ಪ್ರಯೋಜನವಿರಲಿಲ್ಲ. ಯುದ್ಧ ಸಾಮಗ್ರಿಯು ನಾಣ್ಯದಂತೆ ಕೂಡಲೆ ಪಾಲಾಗಲೂ ಇಲ್ಲ. ಅದರ ಬೆಲೆಯಿಂದ 1 ಲಕ್ಷ ಪೌಂಡನ್ನು ಮಾರ್ನಿಂಗ್ಟನ್ನನಿಗೆ ಕೊಡಬೇಕೆಂಬ ಸೂಚನೆ ಬಂದಾಗ, ಅದು ಸೈನ್ಯಕ್ಕೆ ಸಲ್ಲತಕ್ಕದ್ದೆಂದು ಆತನು ಒಲ್ಲೆನೆಂದನು. ಕಂಪನಿಯವರು ಅದಕ್ಕೆ ಬದಲಾಗಿ ಆತನಿಗೆ ವರ್ಷಕ್ಕೆ 5 ಸಾವಿರ ಪೌಂಡಿನಂತೆ 20 ವರ್ಷಗಳ ವೇತನವನ್ನು ಗೊತ್ತುಮಾಡಿದರು.

ಇದರೊಡನೆ ಅರಮನೆಯ ಪುಸ್ತಕಗಳ ಗತಿಯನ್ನು ಹೋಲಿಸಿ ನೋಡಿ. ಸುಮಾರು 2 ಸಾವಿರ ಸಂಪುಟಗಳ ಆ ಭಂಡಾರವನ್ನು ಚಾರ್ಲ್ಸ್ ಸ್ಟೂವರ್ಟನೆಂಬ ವಿದ್ವಾಂಸನು ಪರಿಶೀಲಿಸಿ, 1809ರಲ್ಲಿ ಅದರ ವಿವರಣಾತ್ಮಕ ಪಟ್ಟಿಯನ್ನು ಅಚ್ಚುಮಾಡಿಸಿದನು. ಕರ್ತೃ ಯಾರು, ವಿಷಯವೇನು ಎಂಬುದೆಲ್ಲ ಅದರಲ್ಲಿ ಉಂಟು. ಕೋವಿಗಳಿಗೆ ಆ ಭಾಗ್ಯ ಬರಲು ಸುಮಾರು ಇನ್ನೂರು ವರ್ಷ ಬೇಕಾಯಿತು. ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕನು ಟೀಪುವಿನ ಬಂದೂಕುಗಳನ್ನೇ ಕುರಿತು ಬರೆದ ಗ್ರಂಥವು 1992ರಲ್ಲಿ ಹೊರಬಂದಿತು. ಬೀಗ, ನಳಿಗೆ, ಮುದ್ರೆ, ವರ್ಷ, ಇವುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ ಆ ಶ್ರಮದ ಫಲವು ಹರಾಜಿನಲ್ಲಿ ಕಂಡುಬಂದಿತು. 2015ನೆಯ ಏಪ್ರಿಲಿನಲ್ಲಿ ಲಂಡನಿನಲ್ಲಿ ಆತನ ಸಂಗ್ರಹದ 30 ವಸ್ತುಗಳು ಹರಾಜಾಗಿ ಸುಮಾರು 60 ಲಕ್ಷ ಪೌಂಡು ಬಂದಿತು. ಅದರಲ್ಲಿ ಒಂದು ಚಕಮಕಿ ಬೇಟೆಯ ಕೋವಿಗೆ 7,22,500 ಪೌಂಡು. ಒಂದು ಚಿಕ್ಕ ಕಂಚಿನ ತೋಪಿಗೆ 14 ಲಕ್ಷ ಪೌಂಡಿಗೂ ಹೆಚ್ಚು. ಇಡಿಯ ಶ್ರೀರಂಗಪಟ್ಟಣದ ಲೂಟಿಗೆ 1799ರಲ್ಲಿ ಬರೆದ ಅಂಕಿಯನ್ನು ಇಂದು ಒಂದು ತೋಪು ಮೀರಿಸಿತು. ಹಣದ ಬೆಲೆಯು ಈ ನಡುವೆ ಬಹಳ ಇಳಿದಿರುವುದು ನಿಜ. ಎರಡು ಅಂಕಿಗಳನ್ನು ನೇರವಾಗಿ ತೂಗಲಾಗದು. ಆದರೂ ಆ ತೋಪಿನ ಕಂಚನ್ನು ತೂಕಕ್ಕೆ ಮಾರಿದ್ದರೆ ಈ ಮೊತ್ತದ ಲೇಶವೂ ಬರುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಅಟ್ಟದ ಕೋವಿಗೆ ಹೆಚ್ಚು ಹತ್ತಿರವಾದುದು. 1799ರ ಯುದ್ಧದಲ್ಲಿದ್ದ ಕಂಪನಿಯ ಅಧಿಕಾರಿಯೊಬ್ಬನು ಒಯ್ದಿದ್ದ ಕೆಲವು ಆಯುಧಗಳು ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ತಲೆತಲಾಂತರದಿಂದ ಬಿದ್ದಿದ್ದುವು. ಗುರುತು ಬಲ್ಲವರ ಕಣ್ಣಿಗೆ ಬಿದ್ದ ಮೇಲೆ 2019ನೆಯ ಮಾರ್ಚಿನಲ್ಲಿ ಅವು ಹರಾಜಿಗೆ ಬಂದುವು. ಬೆಳ್ಳಿಯ ಕೆಲಸದ ಒಂದು ಚಕಮಕಿ ಕೋವಿಗೆ 60 ಸಾವಿರ ಪೌಂಡು ಸಿಕ್ಕಿತು. ಹಿಂದಿನ ದಿನ ಹಳೆಯ ಸಾಮಾನಾಗಿದ್ದುದು ಮರುದಿನ ಇತಿಹಾಸವಾಯಿತು. ನಡುವೆ ಬಂದುದು ಗುರುತು ಮಾತ್ರ.

ಇಲ್ಲಿಗೆ ನಮ್ಮ ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಬೆಲೆ ಕಟ್ಟುವುದೆಂದರೆ ಮೊದಲು ಗುರುತಿಸುವುದು. ಉಳಿದರ್ಧ ಉತ್ತರವನ್ನು ಕಾನೂನು ಹೇಳುತ್ತದೆ. ಕಾನೂನಿನ ದೃಷ್ಟಿಯಲ್ಲಿ ಒಂದು ಹಳೆಯ ಕೋವಿಗೆ ಮೂರು ಮುಖಗಳುಂಟು: ಅದು ಆಯುಧ, ಅದು ಪ್ರಾಚೀನ ವಸ್ತು, ಅದು ಸ್ವತ್ತು. ಮೂರಕ್ಕೂ ಬೇರೆ ಬೇರೆ ಶಾಸನ, ಬೇರೆ ಬೇರೆ ಅಧಿಕಾರಿ. ಈ ಕ್ರಮವನ್ನು ತಪ್ಪಿಸಿ, ಮೊದಲೇ ಬೆಲೆಯನ್ನು ಕೇಳಹೊರಟವನು ತೊಂದರೆಗೆ ಸಿಕ್ಕುತ್ತಾನೆ.

ಮೊದಲನೆಯದಾಗಿ ಆಯುಧ. 1959ನೆಯ ಆಯುಧ ಶಾಸನದ ಪ್ರಕಾರ ಬಂದೂಕನ್ನು ಇಟ್ಟುಕೊಳ್ಳಲು ಲೈಸೆನ್ಸು ಬೇಕು. ಹೊಲದ ಪೈರನ್ನು ಕಾಡುಹಂದಿಗಳಿಂದ ಕಾಪಾಡಿಕೊಳ್ಳುವ ರೈತನಿಗೆ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡುವ ಏರ್ಪಾಡನ್ನು ಆ ಶಾಸನವೇ ಹೇಳಿದೆ. ಹಳೆಯ ಮಾದರಿಯ ಅಥವಾ ಪ್ರಾಚೀನ ಬೆಲೆಯ ಆಯುಧಗಳಿಗೆ ಒಂದು ವಿನಾಯಿತಿಯೂ ಉಂಟು. ಆದರೆ ಆ ವಿನಾಯಿತಿಯ ಷರತ್ತನ್ನು ಗಮನಿಸಬೇಕು: ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಉಪಯೋಗಕ್ಕೆ ಬಾರದಂತಿರಬೇಕು. ಮುತ್ತಜ್ಜನ ಕಾಲದ್ದೆಂಬ ಒಂದೇ ಕಾರಣದಿಂದ ಲೈಸೆನ್ಸು ಬೇಡವೆನ್ನುವಂತಿಲ್ಲ. ಹಾರಿಸಬಹುದೋ ಬಾರದೋ ಎಂಬುದನ್ನು ಬಲ್ಲವರು ಪರೀಕ್ಷಿಸಿ ಹೇಳಬೇಕು. ಲೈಸೆನ್ಸು ಹೊಂದಿದ್ದ ತಂದೆಯು ತೀರಿಕೊಂಡರೆ, ಮಗನ ಮನೆಯಲ್ಲಿ ಆ ಕೋವಿಯು ಇರುವುದು ಅಂದಿನಿಂದಲೇ ಕಾನೂನಿಗೆ ಹೊರತಾಗುತ್ತದೆ. ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿಯೋ ಲೈಸೆನ್ಸು ಪಡೆದ ವ್ಯಾಪಾರಿಯ ಬಳಿಯಲ್ಲಿಯೋ ಒಪ್ಪಿಸಿ ರಸೀತಿ ಪಡೆಯಬೇಕು. ಆಮೇಲೆ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಗೊತ್ತಾದ ಅವಧಿಯೊಳಗೆ ಅದನ್ನು ಬಿಡಿಸಿಕೊಳ್ಳದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲಾಗುವ ಸಂಭವವುಂಟು. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿದಿದೆ. ಪಿತ್ರಾರ್ಜಿತವಾಗಿ ಬಂದುದೂ ಈ ಲೆಕ್ಕದೊಳಗೇ ಸೇರುತ್ತದೆ.

ಎರಡನೆಯದಾಗಿ ಪ್ರಾಚೀನ ವಸ್ತು. ನೂರು ವರ್ಷಕ್ಕೆ ಕಡಮೆಯಿಲ್ಲದ, ಇತಿಹಾಸದ ಅಥವಾ ಕಲೆಯ ಮಹತ್ತ್ವವುಳ್ಳ ವಸ್ತುವಿಗೆ 1972ನೆಯ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಶಾಸನವು ಅನ್ವಯಿಸುತ್ತದೆ. ವಸ್ತುವು ಪ್ರಾಚೀನವೋ ಅಲ್ಲವೋ ಎಂಬ ಸಂದೇಹ ಬಂದರೆ ಭಾರತೀಯ ಪುರಾತತ್ವ ಇಲಾಖೆಯ ನಿರ್ಣಯವೇ ಕಡೆಯದು. ಇಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಇವುಗಳ ವ್ಯಾಪಾರ ಮಾಡುವವನೂ ಲೈಸೆನ್ಸು ಪಡೆದಿರಬೇಕು. ಆದುದರಿಂದ ಲಂಡನಿನ ಹರಾಜಿನ ಅಂಕಿಯನ್ನು ಕೇಳಿ ನಮ್ಮ ಅಟ್ಟದ ಕೋವಿಗೂ ಅದೇ ಬೆಲೆಯನ್ನು ಹಚ್ಚುವುದು ಸಲ್ಲದು. ಅಲ್ಲಿಯ ಪೇಟೆ ಬೇರೆ, ನಮ್ಮ ಶಾಸನ ಬೇರೆ. ನ್ಯಾಯವಾಗಿ ಯಾವ ಪೇಟೆಯಲ್ಲಿ ಮಾರಬಹುದೋ ಆ ಪೇಟೆಯ ಬೆಲೆಯೇ ನಿಜವಾದ ಬೆಲೆ. ಇದೇ ಶಾಸನದಲ್ಲಿ ನಮ್ಮ ಇಂದಿನ ವಿಷಯಕ್ಕೆ ಬಹಳ ಬೆಳಕು ಕೊಡುವ ಒಂದು ಸಂಗತಿಯಿದೆ. ಸರ್ಕಾರವು ಒಂದು ಪ್ರಾಚೀನ ವಸ್ತುವನ್ನು ಕಡ್ಡಾಯವಾಗಿ ತೆಗೆದುಕೊಂಡರೆ ಪರಿಹಾರವನ್ನು ಗೊತ್ತುಮಾಡುವಾಗ ಯಾವುದನ್ನು ನೋಡಬೇಕೆಂದು ಅದು ಹೇಳುತ್ತದೆ: ವಸ್ತುವಿನ ಕಾಲ, ಅದರ ಕಲೆ ಮತ್ತು ಇತಿಹಾಸದ ಮಹತ್ತ್ವ, ಅದರ ಅಪೂರ್ವತೆ, ಮತ್ತು ಸಂಬಂಧಪಟ್ಟ ಇತರ ವಿಷಯಗಳು. ಲೋಹದ ತೂಕದ ಹೆಸರೇ ಇಲ್ಲ. 1799ರ ಸಮಿತಿಯು ಕೇಳದೆ ಬಿಟ್ಟ ಪ್ರಶ್ನೆಗಳೇ ಇಂದು ಕಾನೂನಿನ ಅಕ್ಷರಗಳಾಗಿವೆ.

ಮೂರನೆಯದಾಗಿ ಸ್ವತ್ತು. ಮರಣಾನಂತರದ ಆಸ್ತಿಯ ಮೇಲೆ ತೆರಿಗೆಯು ನಮ್ಮ ದೇಶದಲ್ಲಿ 1953ರಿಂದ 1985ರವರೆಗೆ ಇತ್ತು. 1957ರಲ್ಲಿ ಬಂದ ಸಂಪತ್ತಿನ ತೆರಿಗೆಯು 2015ರ ಹಣಕಾಸು ಶಾಸನದಿಂದ ರದ್ದಾಯಿತು. ಆದುದರಿಂದ ತಂದೆಯ ಕೋವಿಯು ಮಗನಿಗೆ ಬಂದ ಮಾತ್ರಕ್ಕೆ ಇಂದು ತೆರಿಗೆಯಿಲ್ಲ. ಮಾರಿದಾಗ ಮಾತ್ರ ಪ್ರಶ್ನೆ ಏಳುತ್ತದೆ. ಸ್ವಂತ ಉಪಯೋಗದ ಚರ ವಸ್ತುಗಳನ್ನು ಮಾರಿ ಬಂದ ಲಾಭವನ್ನು ಆದಾಯ ತೆರಿಗೆಯ ಕಾನೂನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಡವೆ, ಚಿತ್ರ, ಶಿಲ್ಪ, ಕಲಾಕೃತಿ, ಪುರಾತತ್ವ ಸಂಗ್ರಹ, ಇವುಗಳಿಗೆ ಆ ರಿಯಾಯಿತಿಯಿಲ್ಲ. ಹೊಲ ಕಾಯುವ ನಾಡಕೋವಿಗೂ ಹುಲಿಪಟ್ಟೆಯ ಚಿತ್ತಾರದ ಕೋವಿಗೂ ತೆರಿಗೆಯ ದೃಷ್ಟಿಯಲ್ಲಿ ಭೇದ ಹುಟ್ಟುವುದು ಇಲ್ಲಿಯೇ. ಪಿತ್ರಾರ್ಜಿತ ವಸ್ತುವಿಗೆ ಹಿಂದಿನವರು ಕೊಟ್ಟ ಬೆಲೆಯೇ ಅಸಲು. ಮುತ್ತಜ್ಜನು ಏನು ಕೊಟ್ಟನೆಂಬುದು ಯಾರಿಗೆ ಗೊತ್ತು? ಅದಕ್ಕಾಗಿ 2001ನೆಯ ಏಪ್ರಿಲ್ 1ರಂದು ಆ ವಸ್ತುವಿಗೆ ಇದ್ದ ನ್ಯಾಯವಾದ ಪೇಟೆಯ ಬೆಲೆಯನ್ನು ಅಸಲಾಗಿ ಹಿಡಿಯಲು ಕಾನೂನು ಅವಕಾಶ ಕೊಟ್ಟಿದೆ. ಆ ಬೆಲೆಗೆ ಸರ್ಕಾರದಲ್ಲಿ ನೋಂದಾಯಿತನಾದ ಮೌಲ್ಯಮಾಪಕನ ಬರಹವೇ ಆಧಾರ. ಆ ಬರಹವಿಲ್ಲದವನು ಅಸಲನ್ನೇ ತೋರಿಸಲಾರದೆ, ಬಂದುದೆಲ್ಲವೂ ಲಾಭವೆಂಬ ಮಾತನ್ನು ಕೇಳಬೇಕಾದೀತು.

ಹೀಗೆ ಒಂದೇ ಕೋವಿಗೆ ಒಂದೇ ದಿನ ಹಲವು ಬೆಲೆಗಳಿರುವುದು ಆಶ್ಚರ್ಯವಲ್ಲ. ವಿಮೆಗೆ ಹೇಳುವುದು ಅಂಥದೇ ಮತ್ತೊಂದನ್ನು ಸಂಪಾದಿಸಲು ತಗಲುವ ಬೆಲೆ. ತೆರಿಗೆಗೆ ಹೇಳುವುದು ಇಚ್ಛೆಯಿಂದ ಕೊಳ್ಳುವವನೂ ಇಚ್ಛೆಯಿಂದ ಮಾರುವವನೂ ಒಪ್ಪುವ ಬೆಲೆ. ಪಾಲಿಗೆ ಹೇಳುವುದು ಅಣ್ಣತಮ್ಮಂದಿರೆಲ್ಲರೂ ನ್ಯಾಯವೆಂದು ನಂಬುವ ಬೆಲೆ. ಯಾವ ಉದ್ದೇಶಕ್ಕೆ, ಯಾವ ದಿನಾಂಕಕ್ಕೆ, ಯಾವ ಆಧಾರದಿಂದ ಎಂಬ ಮೂರು ಮಾತುಗಳನ್ನು ಬರೆಯದ ಬೆಲೆಪಟ್ಟಿಯು ಬೆಲೆಪಟ್ಟಿಯೇ ಅಲ್ಲ. ಕೊಳ್ಳಬೇಕೆಂದಿರುವವನೇ ಬೆಲೆಯನ್ನೂ ಕಟ್ಟುವುದಂತೂ ಎಂದಿಗೂ ಸಲ್ಲದು. ಶ್ರೀರಂಗಪಟ್ಟಣದಲ್ಲಿ ಬೆಲೆ ಕಟ್ಟಿದವರೂ ಪಾಲು ಪಡೆದವರೂ ಒಂದೇ ದಂಡಿನವರಾಗಿದ್ದರು. ಸೋತವನ ಕಡೆಯಿಂದ ಕೇಳುವವರು ಯಾರೂ ಇರಲಿಲ್ಲ.

ಇನ್ನು ಎರಡು ವ್ಯಾವಹಾರಿಕ ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಹಳೆಯ ಕೋವಿಯನ್ನು ಕೈಗೆತ್ತಿಕೊಂಡವನು ಅದರಲ್ಲಿ ಮದ್ದು ತುಂಬಿದೆಯೆಂದೇ ಭಾವಿಸಿ ನಡೆದುಕೊಳ್ಳಬೇಕು. ಎಷ್ಟೋ ವರ್ಷಗಳ ಹಿಂದೆ ತುಂಬಿ ಮರೆತ ಮದ್ದು ಇನ್ನೂ ಒಳಗೇ ಇರುವುದುಂಟು. ಬಲ್ಲವರು ಗಜವನ್ನು ನಳಿಗೆಯೊಳಕ್ಕೆ ಇಳಿಬಿಟ್ಟು, ಒಳಗಿನ ಉದ್ದವನ್ನು ಹೊರಗಿನ ಉದ್ದದೊಡನೆ ಹೋಲಿಸಿ ಇದನ್ನು ತಿಳಿಯುತ್ತಾರೆ. ಎರಡನೆಯದು, ತುಕ್ಕನ್ನು ಉಜ್ಜಿ ಹೊಳಪು ಮಾಡಬಾರದು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಪಾತ್ರೆ ಬೆಳಗೀತು. ಕೋವಿಯ ಮುದ್ರೆ ಅಳಿಸಿಹೋದೀತು. ಬೀಗದ ಮೇಲೆ ಹೃದಯಾಕಾರದ ಕಂಪನಿಯ ಗುರುತಿದ್ದರೆ ಒಂದು ಕಥೆ, ಹುಲಿ ಮುಖವಿದ್ದರೆ ಇನ್ನೊಂದು ಕಥೆ. ಚಕಮಕಿ ಕಲ್ಲಿನ ಬದಲು ಕೇಪು ಇಡುವ ಬೀಗವಿದ್ದರೆ, ಆ ಬೀಗವು ಟೀಪುವಿನ ಕಾಲದ್ದಾಗಿರಲಾರದು. ಆ ವಿದ್ಯೆಯು ಹತ್ತೊಂಬತ್ತನೆಯ ಶತಮಾನದ್ದು. ಕೋವಿಯು ಆಮೇಲೆ ಮಾಡಿದುದಾಗಿರಬೇಕು, ಇಲ್ಲವೆ ಹಳೆಯ ಕೋವಿಗೆ ಹೊಸ ಬೀಗ ಕೂಡಿಸಿದುದಾಗಿರಬೇಕು. ಈ ಗುರುತುಗಳನ್ನು ಅಳಿಸಿದವನು ತನ್ನ ಕೈಯಿಂದಲೇ ತನ್ನ ಸ್ವತ್ತಿನ ಬೆಲೆಯನ್ನು ಇಳಿಸಿಕೊಂಡಂತಾಯಿತು.

ಶ್ರೀರಂಗಪಟ್ಟಣದ ಮದ್ದಿನ ಮನೆಯೊಂದು ರೈಲು ದಾರಿಯ ವಿಸ್ತರಣೆಗೆ ಅಡ್ಡವಾಗಿದ್ದಿತು. ಅದನ್ನು ಒಡೆಯದೆ, 2017ರಲ್ಲಿ ಇಡಿಯ ಕಟ್ಟಡವನ್ನೇ ಬುಡಸಹಿತವಾಗಿ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸರಿಸಿದರು. ಇಟ್ಟಿಗೆ ಗಾರೆಗಳ ಬೆಲೆಯನ್ನು ಮಾತ್ರ ನೋಡಿದ್ದರೆ ಆ ಖರ್ಚಿಗೆ ಅರ್ಥವಿರಲಿಲ್ಲ. ಕೋವಿಗಳಿಗಾಗಿ 1799ರಲ್ಲಿ ತೋರಿಸದ ಎಚ್ಚರವನ್ನು, ಅವುಗಳ ಮದ್ದನ್ನು ಇಟ್ಟಿದ್ದ ಮನೆಗಾದರೂ ನಾವು ತೋರಿಸಿದೆವು.

ನವರಾತ್ರಿಯಲ್ಲಿ ಆಯುಧಪೂಜೆಯ ದಿನ ಈ ಸೀಮೆಯ ಅನೇಕ ಮನೆಗಳಲ್ಲಿ ಹಳೆಯ ಆಯುಧಗಳು ಹೊರಗೆ ಬರುತ್ತವೆ. ಅರಿಸಿನ ಕುಂಕುಮಗಳನ್ನು ಪಡೆದು ಮರಳಿ ಒಳಗೆ ಹೋಗುತ್ತವೆ. ಆ ದಿನ ಮನೆಯ ಹಿರಿಯರು ಇನ್ನೊಂದು ಕೆಲಸವನ್ನೂ ಮಾಡಿದರೆ ಒಳ್ಳೆಯದು. ಆಯುಧದ ಉದ್ದವೆಷ್ಟು, ಮುದ್ರೆ ಯಾವುದು, ಯಾರಿಂದ ಯಾರಿಗೆ ಬಂದಿತು, ಲೈಸೆನ್ಸು ಯಾರ ಹೆಸರಿನಲ್ಲಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಪತ್ರಗಳ ಪೆಟ್ಟಿಗೆಯಲ್ಲಿ ಇಡಲಿ. ಮೌಲ್ಯಮಾಪಕನು ಬರುವುದು ಆಮೇಲೆ. ಹಿರಿಯರ ನೆನಪಿನಲ್ಲಿರುವುದನ್ನು ಅವರು ಹೇಳದೆ ಹೋದರೆ, ಯಾವ ಮೌಲ್ಯಮಾಪಕನೂ ಅದನ್ನು ಕಬ್ಬಿಣದಿಂದ ಹೊರಗೆ ತೆಗೆಯಲಾರನು.